ಏದುಸಿರು ಕಂಡು ಹೆದರಿದ ರಾತ್ರಿ

ಐಸಿಯು ಕೆಲಸಕ್ಕೆ ಸೇರಿದ ಮೊದಲ ವರ್ಷ. ಸಕ್ಕರೆ ಕಾಯಿಲೆಯ ಯುವಕನೊಬ್ಬನನ್ನು ನಡುರಾತ್ರಿ ಕರೆತಂದರು. ಎರಡು ದಿನದಿಂದ ವಾಂತಿ. ಊಟ ಸೇರುತ್ತಿಲ್ಲವೆಂದು ಇನ್ಸುಲಿನ್ನನ್ನೂ ಬಿಟ್ಟಿದ್ದ. ನಿಮಿಷಕ್ಕೆ ನಲವತ್ತರಂತೆ ಆಳವಾಗಿ ಉಸಿರೆಳೆಯುತ್ತಿದ್ದ. ಇನ್ಸುಲಿನ್ ಇಲ್ಲದೆ ರಕ್ತದಲ್ಲಿ ಕೀಟೋನಿನ ಆಮ್ಲ ತುಂಬಿತ್ತು. ಎಬಿಜಿಯಲ್ಲಿ (ಅಪಧಮನಿಯ ರಕ್ತದ ಪರೀಕ್ಷೆ) ಪಿಎಚ್ 7.08 (ಇದು ಇಳಿದಷ್ಟೂ ಆಮ್ಲ ಹೆಚ್ಚು), ಕಾರ್ಬನ್ ಡೈಆಕ್ಸೈಡ್ 14, ಆಮ್ಲವನ್ನು ತಣಿಸುವ ಬೈಕಾರ್ಬೊನೇಟ್ 4. ಸುಸ್ತಾಗಿ ಉಸಿರು ನಿಂತೀತೆಂದು ಹೆದರಿ ಶ್ವಾಸನಾಳಕ್ಕೆ ಟ್ಯೂಬ್ ಹಾಕಿದೆ. ವೆಂಟಿಲೇಟರನ್ನು ಎಲ್ಲರಿಗೂ ಇಡುವ ಹಾಗೆ ನಿಮಿಷಕ್ಕೆ 16 ಉಸಿರು, ಒಂದೊಂದಕ್ಕೆ 450 ಮಿ.ಲೀ. ಎಂದು ಇಟ್ಟೆ. ಅರ್ಧ ಗಂಟೆಯಲ್ಲಿ ಪಿಎಚ್ 6.84. ಬೆಳಗಾಗುವ ಮೊದಲೇ ಹೃದಯ ನಿಂತಿತು. ಹೊರಗೆ ಕೂತಿದ್ದ ಅವನ ತಾಯಿಗೆ ಹೇಳಬೇಕಾದವನು ನಾನೇ.

ಲೆಕ್ಕ ಹಾಕಿದ್ದು ಆಮೇಲೆ. ಅವನು ತಾನಾಗಿ ನಿಮಿಷಕ್ಕೆ 20 ಲೀಟರಿಗೂ ಹೆಚ್ಚು ಗಾಳಿ ಆಡಿಸುತ್ತಿದ್ದ. ನಾನು ಕೊಟ್ಟದ್ದು ಏಳು ಲೀಟರ್ ಚಿಲ್ಲರೆ. ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಹೊರಹೋದಷ್ಟೂ ರಕ್ತದ ಆಮ್ಲ ತಗ್ಗುತ್ತದೆ; ಆ ದಾರಿಯನ್ನೇ ನಾನು ಕಟ್ಟಿದ್ದೆ. ಬೈಕಾರ್ಬೊನೇಟನ್ನು ಒಂದೂವರೆಯಿಂದ ಗುಣಿಸಿ 8 ಕೂಡಿಸಿದರೆ ಇರಬೇಕಾದ ಕಾರ್ಬನ್ ಡೈಆಕ್ಸೈಡ್ ಸಿಗುತ್ತದೆ, ಎರಡು ಆಚೀಚೆ. ಅವನದು ಸರಿಯಾಗಿ 14. ಶ್ವಾಸಕೋಶ ತನ್ನ ಪಾಲಿನ ಕೆಲಸವನ್ನು ಪೂರ್ತಿ ಮಾಡುತ್ತಿತ್ತು. ಅದೇ ಜಾಗದಲ್ಲಿ 22 ಬಂದಿದ್ದರೆ ದಣಿವು ಎನ್ನಬಹುದಿತ್ತು.

ಕೆಲವು ವರ್ಷಗಳ ನಂತರ ಹೆಚ್ಚುಕಡಿಮೆ ಅದೇ ಸ್ಥಿತಿಯಲ್ಲಿ ಒಬ್ಬ ಹೆಣ್ಣುಮಗಳು ಬಂದರು. ಸೋಡಿಯಂ 132, ಕ್ಲೋರೈಡ್ 98, ಬೈಕಾರ್ಬೊನೇಟ್ 4. ಆನಯಾನ್ ಗ್ಯಾಪ್ (ಸೋಡಿಯಂನಿಂದ ಉಳಿದೆರಡನ್ನು ಕಳೆದದ್ದು; ಕೀಟೋನಿನಂಥ ಆಮ್ಲ ಸೇರಿದಷ್ಟೂ ಏರುತ್ತದೆ) 30. ಪ್ರಜ್ಞೆ ಇತ್ತು, ಕರೆದರೆ ಓಗೊಡುತ್ತಿದ್ದರು. ‘ಮಷೀನು ಹಾಕಿ ಸಾರ್, ನೋಡೋಕಾಗ್ತಿಲ್ಲ’ ಎಂದು ಗಂಡ ಕೈಮುಗಿದರು. ಈ ಉಸಿರೇ ಈಗ ಹೆಂಡತಿಯನ್ನು ಕಾಯುತ್ತಿದೆ ಎಂದು ಅವರನ್ನು ಕೂರಿಸಿಕೊಂಡು ಹೇಳಿದೆ. ಪೊಟ್ಯಾಸಿಯಂ ನೋಡಿಕೊಂಡು ಇನ್ಸುಲಿನ್ ಹಚ್ಚಿದೆವು, ಡ್ರಿಪ್ ಕೊಟ್ಟೆವು, ಎರಡೆರಡು ಗಂಟೆಗೆ ಎಬಿಜಿ. ಸಂಜೆಗೆ ಗ್ಯಾಪ್ 12ಕ್ಕೆ ಇಳಿಯಿತು, ಏದುಸಿರು ತಗ್ಗಿತು. ಬೈಕಾರ್ಬೊನೇಟ್ ಮಾತ್ರ 15ರಲ್ಲೇ ನಿಂತಿತ್ತು. ಜೂನಿಯರ್ ಡಾಕ್ಟರಿಗೆ ಗಾಬರಿ. ಅದು ಕೀಟೋನಿನ ಆಮ್ಲವಲ್ಲ, ನಾವೇ ಹರಿಸಿದ ನಾರ್ಮಲ್ ಸಲೈನಿನದು (ಉಪ್ಪುನೀರಿನ ಡ್ರಿಪ್). ಕ್ಲೋರೈಡ್ ಹೆಚ್ಚಾದರೆ ಬೈಕಾರ್ಬೊನೇಟ್ ತಗ್ಗುತ್ತದೆ: ಅದರ ಲೀಟರಿನಲ್ಲಿ 154 ಮಿಲಿಮೋಲ್ ಕ್ಲೋರೈಡ್ ಇರುತ್ತದೆ, ಇನ್ನೊಂದು ಬಗೆಯ ಡ್ರಿಪ್ ಆದ ರಿಂಗರ್ ಲ್ಯಾಕ್ಟೇಟಿನಲ್ಲಿ 109. ಈಗ ನಾನು ಬೇಗನೆ ರಿಂಗರ್ ಲ್ಯಾಕ್ಟೇಟಿಗೆ ಬದಲಾಯಿಸುತ್ತೇನೆ.

ಸೋಡಾಬೈಕಾರ್ಬ್ (ಬೈಕಾರ್ಬೊನೇಟಿನ ಇಂಜೆಕ್ಷನ್) ಕೊಡಲಿಲ್ಲವೇಕೆ ಎಂದು ಕೇಳುವವರಿದ್ದಾರೆ. ಕೀಟೋನಿನ ಆಮ್ಲಕ್ಕೆ ಮದ್ದು ಇನ್ಸುಲಿನ್, ಪಿಎಚ್ 7.0ಕ್ಕಿಂತ ಕೆಳಗಿಳಿಯದೆ ನಾನು ಸೋಡಾ ಮುಟ್ಟುವುದಿಲ್ಲ. ಬೇರೆ ಕಾರಣಗಳ ತೀವ್ರ ಆಮ್ಲತೆಗೆ ಫ್ರಾನ್ಸಿನ 26 ಐಸಿಯುಗಳಲ್ಲಿ 389 ರೋಗಿಗಳ ಮೇಲೆ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಟ್ಟಾರೆ ಸಾವು ತಗ್ಗಲಿಲ್ಲ. ಕಿಡ್ನಿಗೆ ಪೆಟ್ಟುಬಿದ್ದವರಲ್ಲಿ ಉಪಯೋಗ ಕಂಡಿತು. ಹಾಗಾಗಿ ಪಿಎಚ್ 7.20ಕ್ಕೆ ಇಳಿದು ಕಿಡ್ನಿಯೂ ಕೈಕೊಟ್ಟಾಗ ಕೊಡುತ್ತೇನೆ.

ಟ್ಯೂಬ್ ಹಾಕಲೇಬೇಕಾದ ರೋಗಿಗಳೂ ಇದ್ದಾರೆ: ಪ್ರಜ್ಞೆ ತಪ್ಪಿದವರು, ನಿಜವಾಗಿ ದಣಿದವರು. ಅವರಿಗೆ ಟ್ಯೂಬಿಗಾಗಿ ಮಂಪರಿನ ಔಷಧಿ ಕೊಟ್ಟ ಕ್ಷಣದಿಂದಲೇ ಆಂಬು (ಕೈಯಿಂದ ಗಾಳಿ ಊದುವ ಚೀಲ) ಒತ್ತುತ್ತಿರುತ್ತೇನೆ. ವೆಂಟಿಲೇಟರನ್ನು ನಿಮಿಷಕ್ಕೆ 30 ಉಸಿರಿನ ಮೇಲೇ ಇಟ್ಟು, ಗಾಳಿ ಪೂರ್ತಿ ಹೊರಬರುತ್ತಿದೆಯೇ ಎಂದು ನೋಡುತ್ತೇನೆ. ಹದಿನೈದು ನಿಮಿಷಕ್ಕೆ ಎಬಿಜಿ. ರೋಗಿ ತಾನಾಗಿ ಎಷ್ಟು ಉಸಿರಾಡುತ್ತಿದ್ದ ಎಂಬುದನ್ನು ಮೊದಲೇ ಎಣಿಸಿ, ಪ್ಲಾಸ್ಟರಿನ ಮೇಲೆ ಬರೆದು ವೆಂಟಿಲೇಟರಿಗೆ ಅಂಟಿಸುವುದನ್ನು ಒಮ್ಮೆಯೂ ತಪ್ಪಿಸಿಲ್ಲ.