ಮೆದುಳಿನ ವಯಸ್ಸು ಹೇಳೋ ಮಾಡೆಲ್ ಮಾಡಿದ್ದು: ನನ್ನ ಅನುಭವ

ಎಂಆರ್‌ಐ ಸ್ಕ್ಯಾನ್ ಕೊಟ್ರೆ ಆ ಮೆದುಳಿಗೆ ಎಷ್ಟು ವಯಸ್ಸಾಗಿದೆ ಅಂತ ಹೇಳೋ ಎಐ ಮಾಡೆಲ್ ಒಂದನ್ನ ನಾನೇ ಕೂತು ಮಾಡ್ದೆ. ಆರೋಗ್ಯವಾಗಿರೋರ ಸ್ಕ್ಯಾನ್ ತೋರ್ಸಿ ವಯಸ್ಸು ಗುರುತಿಸೋದು ಕಲಿಸ್ಬೇಕು, ಆಮೇಲೆ ಹೊಸಬ್ರದ್ದು ಕೊಟ್ಟಾಗ ನಿಜವಾದ ವಯಸ್ಸಿಗಿಂತ ತುಂಬಾ ಜಾಸ್ತಿ ಹೇಳಿದ್ರೆ ಮೆದುಳು ಬೇಗ ಸವೀತಿರಬಹುದು ಅನ್ನೋ ಸುಳಿವು ಸಿಗತ್ತೆ, ಇಷ್ಟೇ ಐಡಿಯಾ.

ಡೇಟಾಗೆ ಓಯಸಿಸ್-1 ಅನ್ನೋ, ಸಂಶೋಧನೆಗೆ ಅಂತ ಬಿಟ್ಟಿರೋ ಮೆದುಳಿನ ಎಂಆರ್‌ಐ ಸ್ಕ್ಯಾನ್‌ಗಳ ಸಂಗ್ರಹ ತಗೊಂಡೆ. 18 ರಿಂದ 96 ವರ್ಷದ 416 ಜನ ಇದಾರೆ ಅದ್ರಲ್ಲಿ, 60 ದಾಟಿದ 100 ಜನಕ್ಕೆ ಅಲ್ಝೈಮರ್ ಇದೆ ಅಂತ ಗುರುತಾಗಿತ್ತು, ಅವರನ್ನ ಪಕ್ಕಕ್ಕಿಟ್ಟು ಉಳಿದೋರ ಮೇಲೆ ಟ್ರೈನ್ ಮಾಡ್ದೆ.

ಮೊದಲ ರಿಸಲ್ಟ್ ನೋಡಿ ಕುಣಿದಾಡೋ ಹಾಗಾಯ್ತು, ತಪ್ಪೇ ಇಲ್ಲ ಅನ್ನೋಷ್ಟು ಕಮ್ಮಿ ಎರರ್. ಎರಡು ದಿನ ಆದ್ಮೇಲೆ ಯಾಕೋ ಸಮಾಧಾನ ಆಗ್ದೆ ಫೈಲ್ ಹೆಸರುಗಳನ್ನ ಒಂದೊಂದಾಗಿ ನೋಡ್ತಾ ಹೋದ್ರೆ ಒಬ್ಬರದ್ದೇ ಐಡಿ ಮಾಡೆಲ್‌ಗೆ ಕಲಿಸೋಕೆ ಇಟ್ಟ ಟ್ರೈನಿಂಗ್ ಪಟ್ಟೀಲೂ ಇದೆ, ಕಲಿತದ್ದನ್ನ ಪರೀಕ್ಷೆ ಮಾಡೋಕೆ ಇಟ್ಟ ಟೆಸ್ಟ್ ಪಟ್ಟೀಲೂ ಇದೆ! ಈ ಡೇಟಾದಲ್ಲಿ ಒಬ್ಬೊಬ್ರಿಗೂ ಒಂದೇ ಸಲಕ್ಕೆ ಮೂರೋ ನಾಲ್ಕೋ ಸ್ಕ್ಯಾನ್ ತೆಗ್ದಿರ್ತಾರೆ, ನಾನು ಜನರನ್ನ ಬೇರ್ಪಡಿಸೋ ಬದಲು ಫೈಲ್‌ಗಳನ್ನ ಬೇರ್ಪಡಿಸಿದ್ದೆ. ಮಾಡೆಲ್ ವಯಸ್ಸು ಕಲ್ತಿರ್ಲಿಲ್ಲ, ಆಯಾ ಮನುಷ್ಯರ ಮೆದುಳಿನ ಮಡಿಕೆ ನೆನಪಿಟ್ಕೊಂಡು ಗುರುತು ಹಿಡೀತಿತ್ತು. ಸರಿಮಾಡಿದ್ಮೇಲೆ ಎರರ್ ದುಪ್ಪಟ್ಟಿಗಿಂತ ಮೇಲಕ್ಕೆ ಹೋಯ್ತು, ಹೊಟ್ಟೆ ಉರೀತು, ಆದ್ರೆ ನಂಬಬಹುದಾದ ನಂಬರ್ ಅದೊಂದೇ.

ಇನ್ನೊಂದು ವಿಷ್ಯ ಇದಕ್ಕಿಂತ ಮುಖ್ಯ. ಇಂಥ ಮಾಡೆಲ್‌ಗಳು ಎಲ್ಲರನ್ನೂ ಸರಾಸರಿ ಕಡೆ ಎಳೀತಾವೆ, ಸಣ್ಣ ವಯಸ್ಸಿನೋರಿಗೆ ಜಾಸ್ತಿ ಹೇಳ್ತಾವೆ, ವಯಸ್ಸಾದೋರಿಗೆ ಕಮ್ಮಿ. ಹಾಗೇ ಬಿಟ್ರೆ 85ರ ಅಜ್ಜಂದು ನಿಜವಾಗ್ಲೂ ಸವೆದಿರೋ ಮೆದುಳಾದ್ರೂ "ಗಟ್ಟಿಯಾಗಿದೆ" ಅಂತ ಬರತ್ತೆ, ಅಂದ್ರೆ ಯಾರಿಗೋಸ್ಕರ ಇದನ್ನ ಮಾಡ್ತಿದೀವೋ ಅವರಿಗೇ ಸುಳ್ಳು ಹೇಳಿದಂಗೆ. ಯಾವ ವಯಸ್ಸಲ್ಲಿ ಎರರ್ ಯಾವ ಕಡೆಗೆ ಎಷ್ಟು ವಾಲ್ತಿದೆ ಅಂತ ಬೇರೆ ಜನರ ಡೇಟಾ ಮೇಲೆ ಗ್ರಾಫಲ್ಲಿ ಗೆರೆ ಹಾಕಿ ನೋಡ್ಕೊಂಡು, ಮಾಡೆಲ್ ಹೇಳಿದ ವಯಸ್ಸಿಂದ ಆ ವಾಲನ್ನ ತೆಗೀಬೇಕು.

ಮಾಡೆಲ್ ಎಲ್ಲಿ ನೋಡ್ತಿದೆ ಅಂತ ಬಣ್ಣದ ಮ್ಯಾಪ್ ತೆಗ್ದಾಗ ಮಾತ್ರ ತುಂಬಾ ಖುಷಿಯಾಯ್ತು. ಮೆದುಳಿನ ನಡುವೆ ದ್ರವ ತುಂಬಿರೋ ಕುಹರಗಳ ಅಂಚು ಕೆಂಪಾಗಿತ್ತು, ನೆನಪಿನ ಕೆಲಸ ಮಾಡೋ ಹಿಪೊಕ್ಯಾಂಪಸ್ ಸುತ್ತಾನೂ ಸ್ವಲ್ಪ. ವಯಸ್ಸಾಗ್ತಾ ಮೆದುಳು ಕುಗ್ಗಿ ಆ ಕುಹರಗಳು ಅಗಲ ಆಗ್ತಾವೆ, 20ರದ್ದೂ 80ರದ್ದೂ ಸ್ಕ್ಯಾನ್ ಪಕ್ಕಪಕ್ಕ ಇಟ್ರೆ ಬರಿಗಣ್ಣಿಗೇ ಕಾಣತ್ತೆ.

ಪರಿಚಯದೋರೊಬ್ರು ಅವರಪ್ಪನ ಸ್ಕ್ಯಾನ್ ಹಾಕಿ ನೋಡ್ತೀರಾ ಅಂತ ಕೇಳಿದ್ರು. ಆಗಲ್ಲ ಅಂದೆ. ಒಂದೇ ಥರದ ಮಷಿನ್ ನೋಡಿ ಕಲ್ತಿರೋ ಮಾಡೆಲ್ ಬೇರೆ ಮಷಿನ್ ಸ್ಕ್ಯಾನ್‌ಗೆ ಎಷ್ಟು ತಪ್ಪು ಹೇಳತ್ತೋ, ಆ ನಂಬರ್ ಕೇಳಿ ಮನೆಯೋರು ರಾತ್ರಿ ನಿದ್ದೆ ಕೆಡ್ಸ್ಕೋಬಾರ್ದು, ನರರೋಗದ ಡಾಕ್ಟ್ರಿಗೆ ತೋರ್ಸಿ ಅಂತ ಕಳಿಸ್ದೆ.

ಅದೇ ಡೇಟಾದಲ್ಲಿ 20 ಜನಕ್ಕೆ 90 ದಿನದೊಳಗೆ ಇನ್ನೊಂದ್ಸಲ ಸ್ಕ್ಯಾನ್ ಮಾಡಿದಾರೆ. ಅಷ್ಟರಲ್ಲಿ ಮೆದುಳು ಏನೂ ಬದಲಾಗಿರಲ್ಲ, ಎರಡು ಸಲಾನೂ ಹತ್ತತ್ರ ಒಂದೇ ವಯಸ್ಸು ಬರುತ್ತಾ ಅಂತ ಈಗ ಒಬ್ಬೊಬ್ರದ್ದೇ ತೆಗೆದು ನೋಡ್ತಿದೀನಿ.