ಎರಡನೇ ಪುಸ್ತಕಕ್ಕೆ ಓದುಗರ ಅಭಿಪ್ರಾಯ: ನಾನು ಪಡೆದದ್ದು ಹೀಗೆ

ನನ್ನ ಫ್ಯಾಂಟಸಿ ತ್ರಿವಳಿಯ ಎರಡನೇ ಪುಸ್ತಕವನ್ನು ಅಚ್ಚಿಗೆ ಮುಂಚೆಯೇ ಓದುಗರ ಕೈಗೆ ಕೊಡುತ್ತೇನೆ ಅಂದಾಗ ಬರೆಯುವ ಗೆಳೆಯರೆಲ್ಲ ನಕ್ಕರು. "ಅರ್ಧ ಬೆಂದ ಅನ್ನ ಬಡಿಸಿ ರುಚಿ ಕೇಳ್ತೀಯಾ?" ಅಂದರು ಒಬ್ಬರು. "ಮಧ್ಯದ ಪುಸ್ತಕ ಅಂದ್ರೆ ಎಳೆದಿದೆ ಅಂತಾನೇ ಹೇಳ್ತಾರೆ ಕಣೋ. ಅಷ್ಟು ಕೇಳೋಕೆ ದುಡ್ಡು ಯಾಕೆ ಸುರೀಬೇಕು?" ಅಂದರು ಇನ್ನೊಬ್ಬರು. ಈಗ ಆ ಪುಸ್ತಕದ 500 ಪ್ರತಿ ಏಳೆಂಟು ತಿಂಗಳಲ್ಲಿ ಖಾಲಿಯಾಗಿವೆ. ಮೊದಲನೆಯದು ಎರಡು ವರ್ಷದ ಹತ್ತಿರವಾದರೂ ಪೂರ್ತಿ ಖಾಲಿಯಾಗಿರಲಿಲ್ಲ. ಮೂರನೆಯದು ಯಾವಾಗ ಅಂತ ವಿತರಕರೇ ಫೋನ್ ಮಾಡಿ ಕೇಳಿದರು. ನಕ್ಕವರಲ್ಲಿ ಇಬ್ಬರು "ಹೇಗೆ ಮಾಡಿದೆ, ಸ್ವಲ್ಪ ಹೇಳು" ಅಂತ ಬಂದಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ. ಡಿಟಿಪಿ (ಪುಟ ಜೋಡಣೆ), ಪ್ರೂಫ್, ಫಾರಂ (16 ಪುಟದ ಅಚ್ಚಿನ ಹಾಳೆ) ಲೆಕ್ಕ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಮೊದಲು ಕೈ ಸುಟ್ಟುಕೊಂಡ ಕಥೆ. ಎಲ್ಲರಂತೆ ನಾನೂ ಪಿಡಿಎಫ್ ಕಳಿಸಿ ಗೂಗಲ್ ಫಾರ್ಮ್ ಕೊಟ್ಟೆ. "ತುಂಬಾ ಚೆನ್ನಾಗಿದೆ ಸರ್", "ಮುಂದಿನ ಭಾಗಕ್ಕೆ ಕಾಯ್ತಿದ್ದೇವೆ", ಐದಕ್ಕೆ ನಾಲ್ಕು ಸ್ಟಾರ್. ನಾಲ್ಕು ಸ್ಟಾರ್ ಕೊಟ್ಟವರಲ್ಲಿ ಅರ್ಧ ಜನ ಅರವತ್ತನೇ ಪುಟವನ್ನೇ ದಾಟಿರಲಿಲ್ಲ. ಅದು ನನಗೆ ಹೇಗೆ ಗೊತ್ತಾಯಿತು ಅನ್ನುವುದು ನನ್ನ ಹತ್ತಿರವೇ ಇರಲಿ. ಹೇಳಿಬಿಟ್ಟರೆ ಮುಂದಿನ ಸಲ ಕೆಲಸ ಮಾಡುವುದಿಲ್ಲ.

ಆಮೇಲೆ ವಾಟ್ಸಾಪ್ ಗುಂಪು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಮೊದಲ ರಾತ್ರಿಯೇ ಬರೆದರು: "80 ಪುಟ ಆದರೂ ನಾಯಕಿ ಎಲ್ಲಿ?" ಬೆಳಿಗ್ಗೆ ನೋಡಿದರೆ ಹದಿನೈದು ಜನ "ಹೌದು ಸರ್, ನನಗೂ ಹಾಗೇ ಅನ್ನಿಸಿತು" ಅಂತ ಸಾಲಾಗಿ ನಿಂತಿದ್ದರು. ಅದರಲ್ಲಿ ನಾಲ್ಕೈದು ಜನ ಇನ್ನೂ ಫೈಲನ್ನೇ ತೆರೆದಿರಲಿಲ್ಲ. ಗುಂಪಿನಲ್ಲಿ ಮೊದಲು ಬಾಯಿ ಬಿಟ್ಟವರದೇ ಎಲ್ಲರ ಅಭಿಪ್ರಾಯ.

ಮೂರನೆಯದು ದುಡ್ಡು ಕೊಟ್ಟು ಓದಿಸಿದ್ದು. ತಲೆಗೆ 500 ರೂಪಾಯಿಯಂತೆ ಹತ್ತು ಹನ್ನೆರಡು ಜನಕ್ಕೆ ಕೊಟ್ಟೆ. ಎರಡೆರಡು ಪುಟ ವಿಮರ್ಶೆ ಬಂತು. ಅದರ ತುಂಬಾ ಆಶಯ, ಆಕೃತಿ, ಸಂವೇದನೆ. ಒಬ್ಬರಂತೂ ಮೊದಲ ಪುಸ್ತಕದ ವಿಮರ್ಶೆ ಬರೆದು ಕಳಿಸಿದ್ದರು! ಈ ಮೂರೂ ಸರ್ಕಸ್ಸಿಗೆ ಸೇರಿ ಒಂಬತ್ತು ಹತ್ತು ಸಾವಿರ ಹೋಯಿತು. ಹಸ್ತಪ್ರತಿಯಲ್ಲಿ ಒಂದು ಸಾಲೂ ಬದಲಾಗಲಿಲ್ಲ.

ಆ ಕಸದ ರಾಶಿಯನ್ನು ಮತ್ತೆ ಓದುತ್ತಾ ಕೂತಾಗ ಒಂದು ವಿಷಯ ಹೊಳೆಯಿತು. ಮಧ್ಯದ ಪುಸ್ತಕದ ಬಗ್ಗೆ ಜನ ಹೇಳುವ ಮಾತಿನಲ್ಲಿ ಮೂರು ದೂರು ಕಲಸಿಹೋಗಿರುತ್ತವೆ. ಮೊದಲ ಪುಸ್ತಕ ಮರೆತುಹೋದ ದೂರು, ಮೂರನೆಯದು ಕೈಯಲ್ಲಿಲ್ಲ ಅನ್ನುವ ದೂರು, ಮತ್ತೆ ಈ ಪುಸ್ತಕದ್ದೇ ದೂರು. ನಾವು ತಿದ್ದಬಹುದಾದದ್ದು ಆ ಕೊನೆಯದು ಮಾತ್ರ. ಉಳಿದ ಎರಡನ್ನು ಸೋಸಿ ತೆಗೆಯದೆ ತಿದ್ದಲು ಕೂತರೆ ಚೆನ್ನಾಗಿರುವ ಅಧ್ಯಾಯವನ್ನೇ ಹಾಳು ಮಾಡುತ್ತೇವೆ.

"ಟೋಲ್ಕಿನ್ ಪುಸ್ತಕವೂ ಹಾಗೇ ಅಲ್ವಾ" ಅಂತ ಒಬ್ಬ ಗೆಳೆಯ ಸಮಾಧಾನ ಹೇಳಿದ್ದ. ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಫ್ಯಾಂಟಸಿಯ ಎರಡನೇ ಸಂಪುಟ 'ದಿ ಟೂ ಟವರ್ಸ್' 1954ರ ನವೆಂಬರ್‌ನಲ್ಲಿ ಬಂತು. ಅದರ ಮೊದಲ ಅರ್ಧದಲ್ಲಿ ನಾಯಕ ಫ್ರೋಡೋ ಇಲ್ಲವೇ ಇಲ್ಲ. ಕೊನೆಯಲ್ಲಿ ಅವನು ಶತ್ರುಗಳ ಕೈಗೆ ಸಿಕ್ಕಿಬೀಳುತ್ತಾನೆ, ಪುಸ್ತಕ ಅಲ್ಲಿಗೇ ನಿಲ್ಲುತ್ತದೆ. ಮೂರನೆಯದು ಬಂದದ್ದು 1955ರ ಅಕ್ಟೋಬರ್‌ನಲ್ಲಿ. ಹತ್ತಿರ ಹತ್ತಿರ ಒಂದು ವರ್ಷ ಜನ ಕಾದರು. ನಿಜ. ಆದರೆ ಟೋಲ್ಕಿನ್ ಬರೆದದ್ದು ಒಂದೇ ದೊಡ್ಡ ಕಥೆ. ಯುದ್ಧ ಮುಗಿದ ಕಾಲ, ಕಾಗದ ದುಬಾರಿ. ಪ್ರಕಾಶಕರು ಅದನ್ನು ಮೂರು ಸಂಪುಟ ಮಾಡಿದರು. ನಾವು ಮೂರು ಪುಸ್ತಕ ಅಂತಲೇ ಶುರು ಮಾಡಿದವರು, ಆ ನೆಪ ನಮಗೆ ಸಿಗುವುದಿಲ್ಲ.

ಇನ್ನು ನಾನು ಮಾಡಿದ್ದು. ಮೊಬೈಲು, ಪಿಡಿಎಫ್ ಎರಡನ್ನೂ ಬಿಟ್ಟೆ. ಎ4 ಹಾಳೆಯಲ್ಲಿ ಡೆಮಿ ಅಳತೆಯ (ಮಾಮೂಲಿ ಕಾದಂಬರಿಯ ಅಳತೆ) ಪಠ್ಯವನ್ನು ಎಡಕ್ಕೆ ತಳ್ಳಿ, ಬಲಕ್ಕೆ ಮೂರು ಬೆರಳಷ್ಟು ಜಾಗ ಖಾಲಿ ಬಿಟ್ಟೆ. ಎರಡೂ ಬದಿ ಜೆರಾಕ್ಸ್, ಮೇಲೆ ಸ್ಪೈರಲ್ ಬೈಂಡಿಂಗ್, ಸ್ಪೈರಲ್‌ಗೆ ದಾರ ಕಟ್ಟಿದ ಒಂದು ಪೆನ್ಸಿಲ್. 330 ಪುಟಕ್ಕೆ ಪ್ರತಿಗೆ ಸುಮಾರು 380 ರೂಪಾಯಿ ಬಿತ್ತು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಇನ್ನೂ ಅಗ್ಗಕ್ಕೆ ಮಾಡಿಕೊಡುತ್ತೇನೆ ಅಂದರು. ಆದರೆ ಹಾಳೆ ತೆಳು, ಪೆನ್ಸಿಲ್ ಒತ್ತಿದರೆ ಹಿಂದೆ ಮೂಡುತ್ತಿತ್ತು. 25 ಪ್ರತಿ ಮಾಡಿಸಿದೆ.

ಓದುಗರಿಗೆ ಹೇಳಿದ್ದು ಇಷ್ಟೇ. ಅಭಿಪ್ರಾಯ ಬರೆಯಬೇಡಿ. ಮೂರೇ ಗುರುತು. ಓದು ನಿಲ್ಲಿಸಿದ ಕಡೆ ಅಡ್ಡಗೆರೆ ಎಳೆದು ಆಗ ಎಲ್ಲಿದ್ದಿರಿ ಅಂತ ಬರೆಯಿರಿ. ಹಿಂದಿನ ಪುಟಕ್ಕೆ ಹೋಗಬೇಕಾಗಿ ಬಂದರೆ ಬಾಣ ಹಾಕಿ. ಇವನ್ಯಾರು ಅನ್ನಿಸಿದರೆ ಪ್ರಶ್ನೆ ಚಿಹ್ನೆ. ಕಾರಣ ಕೊಡಬೇಕಾಗಿಲ್ಲ. ಕಾರಣ ಕೇಳಿದ ಕೂಡಲೇ ಜನ ಒಳ್ಳೆಯವರಾಗಿಬಿಡುತ್ತಾರೆ.

ವಿಜಯನಗರದಿಂದ ಹೂಡಿಗೆ ದಿನಾ ಮೆಟ್ರೋದಲ್ಲಿ ಕೆಲಸಕ್ಕೆ ಹೋಗುವ ಒಬ್ಬ ಹುಡುಗನಿಗೆ ಒಂದು ಪ್ರತಿ ಕೊಟ್ಟಿದ್ದೆ. ನೇರಳೆ ಮಾರ್ಗ, ಹೆಚ್ಚು ಕಡಿಮೆ ಒಂದು ಗಂಟೆ ದಾರಿ. ಅವನ ಪ್ರತಿಯ ಅಂಚಿನ ತುಂಬಾ ಸ್ಟೇಷನ್ ಹೆಸರುಗಳು. ಇಂದಿರಾನಗರ, ಬೈಯಪ್ಪನಹಳ್ಳಿ, ಕೆ.ಆರ್. ಪುರ. ನನ್ನ ರಾಜಸಭೆಯ ಅಧ್ಯಾಯ ಶುರುವಾಗುವುದು 143ನೇ ಪುಟದಲ್ಲಿ. ಆ ಪುಟ ತೆರೆದುಕೊಂಡು ವಿಜಯನಗರದಲ್ಲಿ ಹತ್ತಿದವನು ಮಾಗಡಿ ರಸ್ತೆಗೇ ಗೆರೆ ಎಳೆದಿದ್ದ. ಎರಡೇ ಸ್ಟೇಷನ್! ಸಂಜೆ ಮತ್ತೆ ತೆರೆದಿದ್ದಾನೆ, ಒಂದೂವರೆ ಪುಟಕ್ಕೆ ಮತ್ತೆ ಗೆರೆ. ಉಳಿದ ದಾರಿಯೆಲ್ಲ ಮೊಬೈಲ್ ನೋಡಿಕೊಂಡು ಹೋಗಿರಬೇಕು. ಮುಂದೆ ಕಣಿವೆಯಲ್ಲಿ ಮಳೆಗೆ ಸಿಕ್ಕಿಹಾಕಿಕೊಳ್ಳುವ ಅಧ್ಯಾಯದ ಪಕ್ಕ ಒಂದೇ ಪದ: "ಕುಂದಲಹಳ್ಳಿ!!" ಹೂಡಿಯಲ್ಲಿ ಇಳಿಯಬೇಕಾದವನು ಎರಡು ಸ್ಟೇಷನ್ ಮುಂದೆ ಹೋಗಿಬಿಟ್ಟಿದ್ದ. ಆ ಅಧ್ಯಾಯದ ಒಂದು ಅಕ್ಷರವನ್ನೂ ನಾನು ಮುಟ್ಟಲಿಲ್ಲ. ಇಷ್ಟು ಖಡಕ್ ಅಭಿಪ್ರಾಯ ಯಾವ ವಿಮರ್ಶಕರಿಂದಲೂ ನನಗೆ ಈವರೆಗೆ ಸಿಕ್ಕಿಲ್ಲ.

ವಾಪಸ್ ಬಂದ ಪ್ರತಿಗಳನ್ನೆಲ್ಲ ನೆಲದ ಮೇಲೆ ಹರಡಿ 143ನೇ ಪುಟ ತೆರೆದಿಟ್ಟೆ. ಮುಕ್ಕಾಲು ಪಾಲು ಪ್ರತಿಗಳಲ್ಲಿ ಅಲ್ಲೋ, ಮುಂದಿನ ಎರಡು ಮೂರು ಪುಟದಲ್ಲೋ ಅಡ್ಡಗೆರೆ. ಜೊತೆಗೆ ಪ್ರಶ್ನೆ ಚಿಹ್ನೆಗಳ ಸಂತೆ. ಸಭೆಯಲ್ಲಿ ಮಾರಯ್ಯ, ಮಾದಯ್ಯ, ಮಾಚಯ್ಯ ಅಂತ ಮೂವರು ಮಾತಾಡುತ್ತಾರೆ. ಬರೆಯುವಾಗ ನನಗೆ ಮೂವರ ಮುಖವೂ ಬೇರೆ ಬೇರೆ ಕಾಣುತ್ತಿತ್ತು, ಓದುವವರಿಗೆ ಮೂವರೂ 'ಮಾ'. ಒಬ್ಬ ಮಾದಯ್ಯನನ್ನು ಉಳಿಸಿಕೊಂಡೆ. ಇನ್ನೊಬ್ಬ ಸಿಂಗಣ್ಣನಾದ, ಮೂರನೆಯವನನ್ನು ಸಭೆಯಿಂದ ಎಬ್ಬಿಸಿ ಕಳಿಸಿದೆ. ಯಾರಿಗೂ ಅವನು ಬೇಕಾಗಿರಲಿಲ್ಲ.

ಎರಡನೇ ಹಂತ ಕಥೆ ಹೇಳಿಸುವುದು. ಓದಿ ಮುಗಿಸಿದವರನ್ನು ಗಾಂಧಿ ಬಜಾರಿನಲ್ಲೋ ಅವರ ಮನೆಯಲ್ಲೋ ಕಾಫಿಗೆ ಕೂರಿಸಿಕೊಂಡು, "ಪುಸ್ತಕ ನೋಡದೆ ಕಥೆ ಹೇಳಿ" ಅನ್ನುತ್ತಿದ್ದೆ. ಅವರ ಒಪ್ಪಿಗೆ ಪಡೆದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ನಡುವೆ ಬಾಯಿ ಹಾಕುವಂತಿಲ್ಲ, ನೆನಪು ಮಾಡಿಕೊಡುವಂತಿಲ್ಲ. ಬಹಳ ಕಷ್ಟದ ಕೆಲಸ ಇದು. ನಾನು ತಿಂಗಳುಗಟ್ಟಲೆ ಒದ್ದಾಡಿದ 22 ಪುಟದ ರಾಜಸಭೆಯನ್ನು ಬಹಳಷ್ಟು ಜನ ಒಂದೇ ಸಾಲಿನಲ್ಲಿ ಮುಗಿಸಿದರು: "ಅಲ್ಲಿ ಏನೋ ಸಭೆ ಆಗುತ್ತೆ ಸರ್, ಆಮೇಲೆ ಅವರು ಹೊರಡ್ತಾರೆ." ಆ 22 ಪುಟ ಈಗ 6 ಪುಟ.

ಬಸವನಗುಡಿಯ ಒಬ್ಬ ಅಜ್ಜಿ ತಮ್ಮ ಮೊಮ್ಮಗಳಿಗೆ ಕಥೆ ಹೇಳಿದರು, ನಾನು ಪಕ್ಕದಲ್ಲಿ ಕೂತಿದ್ದೆ. ದೋಣಿ ದಾಟಿಸುವ ಒಬ್ಬ ಕುರುಡ ಬರುತ್ತಾನೆ ನನ್ನ ಪುಸ್ತಕದಲ್ಲಿ. ಮೂರೇ ಪುಟ, ಸುಮ್ನೆ ಹೊಳೆ ದಾಟಲು ಒಬ್ಬ ಬೇಕಲ್ಲ ಅಂತ ಹಾಕಿದ್ದು. ಅಜ್ಜಿ ಅವನ ಕಥೆಯನ್ನೇ ಹತ್ತು ನಿಮಿಷ ಹೇಳಿದರು. ನಾನು ಬರೆಯದೇ ಇದ್ದದ್ದನ್ನೂ ಸೇರಿಸಿದರು. ಅವನು ನೀರಿನ ಸದ್ದು ಕೇಳಿಯೇ ದಡ ಎಷ್ಟು ದೂರ ಅಂತ ಹೇಳುತ್ತಾನಂತೆ. ಮುಗಿಸಿ ನನ್ನ ಕಡೆ ತಿರುಗಿ, "ಏನಪ್ಪಾ, ಅವನನ್ನ ಅಷ್ಟು ಬೇಗ ಯಾಕೆ ಕಳಿಸಿಬಿಟ್ಟೆ?" ಅಂದರು. ದೋಣಿಯವನು ಈಗ ಪುಸ್ತಕದ ಕೊನೆಯವರೆಗೂ ಬರುತ್ತಾನೆ. ನೀರಿನ ಸದ್ದಿನ ಮಾತೂ ಇದೆ, ಅಜ್ಜಿಯನ್ನು ಕೇಳಿಯೇ ಹಾಕಿಕೊಂಡೆ. ಅವರು ಕೇಳಿದ್ದು ದಪ್ಪ ಅಕ್ಷರದ ಒಂದು ಪ್ರತಿ. 16 ಪಾಯಿಂಟಿನಲ್ಲಿ ಬೇರೆಯಾಗಿ ತೆಗೆಸಿಕೊಟ್ಟೆ.

"ನಾಯಕಿ ಎಲ್ಲಿ?" ದೂರಿಗೆ ಬರುತ್ತೇನೆ, ಏಕೆಂದರೆ ನನ್ನ ಹೆಮ್ಮೆ ಇರುವುದು ಇಲ್ಲೇ. 25ರಲ್ಲಿ ಐದಾರು ಪ್ರತಿಗಳನ್ನು ಮೊದಲ ಪುಸ್ತಕ ಓದದೇ ಇದ್ದವರಿಗೆ ಬೇಕಂತಲೇ ಕೊಟ್ಟಿದ್ದೆ. ಹುಚ್ಚು ಅಂದರು ಎಲ್ಲರೂ. ಅವರ ಪ್ರತಿಗಳಲ್ಲಿ ಬಾಣಗಳು ಜಾಸ್ತಿ ಇದ್ದವು, ಅದು ಇರಬೇಕಾದದ್ದೇ. ಆದರೆ ಮೊದಲ 80 ಪುಟದಲ್ಲಿ ಅಡ್ಡಗೆರೆ ಕಮ್ಮಿ! ಮೊದಲ ಪುಸ್ತಕ ಓದಿದ್ದವರು ಎಡವಿದ ಜಾಗದಲ್ಲೇ ಇವರು ಸಲೀಸಾಗಿ ಹೋಗಿದ್ದಾರೆ. ಅಂದರೆ ಆ ಪುಟಗಳು ಚೆನ್ನಾಗಿಯೇ ಇದ್ದವು. ಹಳೆಯ ಓದುಗರು ಅವಳ ದಾರಿ ಕಾಯುತ್ತಾ ಓದುತ್ತಿದ್ದರು, ಅಷ್ಟೇ. ಉರ್ಸುಲಾ ಲೆ ಗ್ವಿನ್ ಅವರ ಅರ್ಥ್‌ಸೀ ಸರಣಿಯ ಎರಡನೇ ಪುಸ್ತಕದಲ್ಲೂ (1971) ಮೊದಲನೆಯದರ ನಾಯಕ ಗೆಡ್ ಸಾಕಷ್ಟು ಪುಟ ಕಳೆಯುವವರೆಗೆ ಬರುವುದಿಲ್ಲ, ಕಥೆ ಒಬ್ಬ ಹುಡುಗಿಯದು. ಅದನ್ನು ನೆನೆದು ಧೈರ್ಯ ಮಾಡಿದೆ. ನಾಯಕಿಯನ್ನು ಮುಂದಕ್ಕೆ ತರಲಿಲ್ಲ, ಅವಳ ಸುದ್ದಿ ತಂದೆ. 12ನೇ ಪುಟದಲ್ಲಿ ಸಂತೆಯಲ್ಲೊಬ್ಬ ಅವಳ ಕಡಗ ಮಾರುತ್ತಿರುತ್ತಾನೆ. 40ರ ಹತ್ತಿರ ಯಾರೋ ಅವಳನ್ನು ನೋಡಿದೆ ಅಂತ ಸುಳ್ಳು ಹೇಳುತ್ತಾನೆ. ಎಲ್ಲ ಸೇರಿ ಒಂದೂವರೆ ಪುಟ. ಎರಡನೇ ಸುತ್ತಿನಲ್ಲಿ ಹೊಸಬರಿಗೆ ಕೊಟ್ಟಾಗ ಆ ದೂರು ಒಬ್ಬರಿಂದಲೂ ಬರಲಿಲ್ಲ.

ನಡುವೆ ಕೆಲವು ತಲೆಹರಟೆ ಪ್ರಯೋಗಗಳೂ ಆದವು. ಅರ್ಧ ಪ್ರತಿಗಳಿಗೆ ಒಂದು ಪುಟದ 'ಹಿಂದಿನ ಕಥೆ' ಹಾಕಿದೆ, ಅರ್ಧಕ್ಕೆ ಇಲ್ಲ. ಚಂದಮಾಮದ ಧಾರಾವಾಹಿ ಓದಿ ಬೆಳೆದವರಿಗೆ ಇದು ಹೊಸದಲ್ಲ, ಟೋಲ್ಕಿನ್ ಅವರ ಎರಡನೇ ಸಂಪುಟದ ಮೊದಲಲ್ಲೂ ಹಿಂದಿನ ಕಥೆಯ ಸಾರಾಂಶವಿತ್ತು. ಅದಿದ್ದ ಪ್ರತಿಗಳಲ್ಲಿ ಬಾಣಗಳು ಅರ್ಧಕ್ಕರ್ಧ ಇಳಿದವು. ಪಾತ್ರಗಳ ಪಟ್ಟಿಯನ್ನೂ ಕೆಲವಕ್ಕೆ ಹಾಕಿ ನೋಡಿದೆ, ಯಾರೂ ತೆರೆಯಲೇ ಇಲ್ಲ. ಕಲಾವಿದರೊಬ್ಬರಿಗೆ 2,500 ಕೊಟ್ಟು ಬರೆಸಿದ ನಕ್ಷೆಯನ್ನು ಗಮನವಿಟ್ಟು ನೋಡಿದ್ದು ಒಬ್ಬರೇ, ಒಬ್ಬ ಸಿವಿಲ್ ಎಂಜಿನಿಯರ್. "ಸರ್, ನಿಮ್ಮ ನದಿ ಬೆಟ್ಟ ಹತ್ತುತ್ತಿದೆ" ಅಂತ ಬರೆದಿದ್ದರು. ನದಿ ತಿರುಗಿಸಲು ಇನ್ನೊಂದು 500. ಶನಿವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಚಾಪೆ ಹಾಸಿಕೊಂಡು ಓದುವವರಿಗೂ ಎರಡು ಪ್ರತಿ ಕೊಟ್ಟು ನೋಡಿದೆ. ಅಲ್ಲಿ ಯಾರೂ ಪುಸ್ತಕ ಮುಚ್ಚುವುದೇ ಇಲ್ಲ, ಓದಲೆಂದೇ ಬಂದಿರುತ್ತಾರೆ. ಗುರುತೇ ಬೀಳಲಿಲ್ಲ. ಪುಸ್ತಕಕ್ಕೆ ನಿಜವಾದ ಪರೀಕ್ಷೆ ಬೇಕಾದರೆ ಮೊಬೈಲ್ ಪಕ್ಕದಲ್ಲೇ ಇರುವ ಜಾಗಕ್ಕೆ ಕೊಡಿ.

ಕೊನೆಯ ಪುಟದ ಬಗ್ಗೆ ಒಂದು ಮಾತು. ಮಧ್ಯದ ಪುಸ್ತಕ ಮುಗಿದಾಗ ಓದುಗರಿಗೆ ಸಿಟ್ಟು ಬರಲೇಬೇಕು. ಆದರೆ ಸಿಟ್ಟಿನಲ್ಲಿ ಎರಡು ಥರ. ಮುಂದೇನು ಅಂತ ಬರುವ ಸಿಟ್ಟು ಒಳ್ಳೆಯದು, ಅವರೇ ಮೂರನೆಯದಕ್ಕೆ ಮೊದಲ ಗಿರಾಕಿ. ಮೋಸ ಹೋದೆ ಅಂತ ಬರುವ ಸಿಟ್ಟು ಪುಸ್ತಕವನ್ನು ಕೊಲ್ಲುತ್ತದೆ. ಓದಿ ಹತ್ತು ಹದಿನೈದು ದಿನವಾದ ಮೇಲೆ ನಾನು ಒಂದು ಪ್ರಶ್ನೆ ಕೇಳುತ್ತೇನೆ, ಯಾವ ಸಿಟ್ಟು ಅಂತ ಅದರಲ್ಲೇ ತಿಳಿಯುತ್ತದೆ. ಆ ಪ್ರಶ್ನೆಯನ್ನು ಇಲ್ಲಿ ಬರೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಉತ್ತರಗಳನ್ನು ನೋಡಿ ನಾನು ಮಾಡಿದ್ದು ಹೇಳುತ್ತೇನೆ: ದೋಣಿಯವನ ಕಥೆಯನ್ನು ಈ ಪುಸ್ತಕದಲ್ಲೇ ಪೂರ್ತಿ ಮುಗಿಸಿದೆ. ಒಂದಾದರೂ ಮುಗಿಯಿತು ಅಂತ ಜನಕ್ಕೆ ಅನ್ನಿಸಬೇಕು.

ದುಡ್ಡಿನ ಲೆಕ್ಕ. ಮೊದಲ ಸುತ್ತಿನ ಪ್ರತಿಗಳಿಗೆ ಒಂಬತ್ತೂವರೆ ಸಾವಿರ, ಎರಡನೇ ಸುತ್ತು ಸಣ್ಣದು, ನಾಲ್ಕು ಸಾವಿರದೊಳಗೆ. ಮೈಸೂರು, ಧಾರವಾಡದ ಓದುಗರಿಗೆ ಕೊರಿಯರ್, ಕಾಫಿ ತಿಂಡಿ, ನಕ್ಷೆ ಸೇರಿ ಇನ್ನೊಂದು ಆರು. ಮೊದಲು ಹಾಳಾದ ಹತ್ತನ್ನೂ ಕೂಡಿಸಿದರೆ ಮೂವತ್ತರ ಹತ್ತಿರ. 330 ಪುಟ 290ಕ್ಕೆ ಇಳಿಯಿತು, ಅಂದರೆ ಎರಡೂವರೆ ಫಾರಂ ಉಳಿತಾಯ. 500 ಪ್ರತಿಗೆ ಅದೇ ಒಂದು ಏಳು ಸಾವಿರ ಉಳಿಸಿತು. 350 ರೂಪಾಯಿ ಮುಖಬೆಲೆ, ವಿತರಕರಿಗೆ ಹೋಗುವುದು ಹೋಗಿ, ಅಚ್ಚು, ಮುಖಪುಟ, ಡಿಟಿಪಿ ಎಲ್ಲ ಕಳೆದರೆ ಕೈಗೆ ಬಂದದ್ದು ಬಹಳ ಇಲ್ಲ. ಆದರೆ ಮೊದಲ ಪುಸ್ತಕದ ಉಳಿದ ಪ್ರತಿಗಳೂ ಇದರ ಜೊತೆ ಹೊರಟುಹೋದವು. ಲಾಭ ಬಂದದ್ದು ಅಲ್ಲಿ.

25ರಲ್ಲಿ ನಾಲ್ಕೈದು ಪ್ರತಿ ವಾಪಸ್ ಬರಲೇ ಇಲ್ಲ. ಮೂರನೆಯದಕ್ಕೆ ಈಗ ಓದುಗರನ್ನು ಹುಡುಕುತ್ತಿದ್ದೇನೆ. ಎರಡನೆಯದನ್ನು ಓದಿ ಕನಿಷ್ಠ ಆರು ತಿಂಗಳಾದವರು ಬೇಕು, ನಿನ್ನೆ ಮೊನ್ನೆ ಓದಿದವರು ಬೇಡ. ದಿನಾ ಮೆಟ್ರೋದಲ್ಲೋ ಬಿಎಂಟಿಸಿಯಲ್ಲೋ ಓಡಾಡುವವರಾದರೆ ಇನ್ನೂ ಒಳ್ಳೆಯದು. ಪೆನ್ಸಿಲ್ ನಾನೇ ಕೊಡುತ್ತೇನೆ.