ಪ್ಲೇಟ್‌ಲೆಟ್ ಕೊಡಲು ಹೋಗುವವರಿಗೆ

ರಕ್ತದಾನ ಮಾಡಿ ರೂಢಿಯಿರುವವರೂ ಪ್ಲೇಟ್‌ಲೆಟ್ ದಾನ ಎಂದರೆ ಸ್ವಲ್ಪ ಹಿಂಜರಿಯುತ್ತಾರೆ. ಪ್ಲೇಟ್‌ಲೆಟ್ ಎಂದರೆ ರಕ್ತ ಹೆಪ್ಪುಗಟ್ಟಲು ನೆರವಾಗುವ ಪುಟ್ಟ ಕಣ. ರಕ್ತವನ್ನು ಯಂತ್ರಕ್ಕೆ ಎಳೆದುಕೊಂಡು, ಆ ಕಣಗಳನ್ನಷ್ಟೇ ಬೇರ್ಪಡಿಸಿ, ಉಳಿದದ್ದನ್ನು ಮತ್ತೆ ಮೈಗೇ ಬಿಡುತ್ತಾರೆ ಎಂಬ ಮಾತು ಕೇಳಿದರೆ ಅಳುಕು ಸಹಜ. ಬೆಂಗಳೂರಿನಲ್ಲಿ ಕೆಲವು ವರ್ಷಗಳಿಂದ ಪ್ಲೇಟ್‌ಲೆಟ್ ಕೊಡುತ್ತಿದ್ದೇನೆ. ಮೊದಲ ಸಲ ಹೊರಟ ಸ್ನೇಹಿತರಿಗೆ ನಾನು ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅರ್ಧ ದಿನ ಬಿಡುವು ಮಾಡಿಕೊಂಡು ಹೋಗಿ. ಬರಿಗೈಯಲ್ಲಿ ಹೋಗಬಹುದು, ಬರಿಹೊಟ್ಟೆಯಲ್ಲಿ ಮಾತ್ರ ಬೇಡ. ನಾನು ಬೆಳಗ್ಗೆ ಇಡ್ಲಿ ತಿಂದು, ಚೆನ್ನಾಗಿ ನೀರು ಕುಡಿದು ಹೊರಡುತ್ತೇನೆ. ಪೂರಿ, ವಡೆ, ಬೆಣ್ಣೆ ದೋಸೆ ಅವತ್ತು ಬೇಡ; ಜಿಡ್ಡು ಹೆಚ್ಚಾದರೆ ರಕ್ತದ ದ್ರವಭಾಗವಾದ ಪ್ಲಾಸ್ಮಾ ಹಾಲಿನಂತೆ ಬೆಳ್ಳಗಾಗಿ, ನಿಮ್ಮನ್ನು ವಾಪಸು ಕಳಿಸಬಹುದು. ಹಿಂದಿನ ಮೂರು ದಿನಗಳಲ್ಲಿ ಆಸ್ಪಿರಿನ್ ನುಂಗಿದ್ದರೆ ಮೊದಲೇ ತಿಳಿಸಿ. ಆ ಮಾತ್ರೆ ಪ್ಲೇಟ್‌ಲೆಟ್‌ಗಳ ಅಂಟುವ ಗುಣವನ್ನೇ ಕುಗ್ಗಿಸುತ್ತದೆ.

ಅಲ್ಲಿ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್ ನೋಡುತ್ತಾರೆ. ತೂಕ ಕನಿಷ್ಠ 50 ಕಿಲೋ, ಹಿಮೋಗ್ಲೋಬಿನ್ 12.5, ಪ್ಲೇಟ್‌ಲೆಟ್ ಎಣಿಕೆ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಂದೂವರೆ ಲಕ್ಷಕ್ಕೆ ಕಡಿಮೆಯಿಲ್ಲದಂತೆ ಇರಬೇಕು. ಮೊಣಕೈ ಒಳಮಡಿಕೆಯ ನರವನ್ನು ಬೆರಳಿನಿಂದ ಒತ್ತಿ ಒತ್ತಿ ಪರೀಕ್ಷಿಸುತ್ತಾರೆ. ಸಣ್ಣ ನರದವರಿಗೆ ಇದು ಆಗದು, ಅವರು ಮಾಮೂಲಿ ರಕ್ತದಾನವನ್ನೇ ಮಾಡಬಹುದು. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆಗಳನ್ನು ಸಾಮಾನ್ಯವಾಗಿ ದಾನಕ್ಕೆ ಮೊದಲೇ ಮಾಡಿ ಮುಗಿಸುತ್ತಾರೆ. ಏಕೆಂದರೆ ಯಂತ್ರಕ್ಕೆ ಜೋಡಿಸುವ, ಒಮ್ಮೆ ಬಳಸಿ ಎಸೆಯುವ ಕೊಳವೆಗಳ ಕಿಟ್ ದುಬಾರಿ. ಕಾಯುವುದು ಬೇಸರವೇ, ಆದರೆ ಅವಸರಿಸಬೇಡಿ. ಅರ್ಜಿಯಲ್ಲಿ ಕೇಳಿದ ಪ್ರತಿಯೊಂದಕ್ಕೂ ಇದ್ದದ್ದನ್ನು ಇದ್ದಂತೆ ಬರೆಯಿರಿ. ಹೊಸದಾಗಿ ತಗುಲಿದ ಸೋಂಕು ಕೆಲವು ದಿನ ಪರೀಕ್ಷೆಯ ಕಣ್ಣಿಗೂ ಬೀಳುವುದಿಲ್ಲ.

ಸೂಜಿ ಚುಚ್ಚಿದಾಗ ಒಂದು ಕ್ಷಣ ಚುರುಕ್ ಎನ್ನುತ್ತದೆ, ಅಷ್ಟೇ. ಆಮೇಲಿನ ಒಂದೂವರೆ ಗಂಟೆಯ ಕೆಲಸವೆಲ್ಲ ಯಂತ್ರದ್ದು. ರಕ್ತ ಎಳೆಯುವಾಗ ತೋಳಿನ ಪಟ್ಟಿ ಬಿಗಿಯುತ್ತದೆ. ಆಗ ಕೈಯಲ್ಲಿನ ಚೆಂಡನ್ನು ಅದುಮುತ್ತಿರಬೇಕು. ಪಟ್ಟಿ ಸಡಿಲಾಯಿತೆಂದರೆ ಕೆಂಪುಕಣಗಳು ಹಿಂತಿರುಗುತ್ತಿವೆ ಎಂದರ್ಥ, ಅದುಮುವುದನ್ನು ನಿಲ್ಲಿಸಿ. ಮರಳುವ ರಕ್ತ ಮೈಗಿಂತ ತಣ್ಣಗಿರುವುದರಿಂದ ಚಳಿ ಹಿಡಿಯುತ್ತದೆ, ಹೊದಿಕೆ ಕೇಳಿ ಪಡೆಯಿರಿ.

ಮುಖ್ಯವಾಗಿ ಹೇಳಬೇಕಾದದ್ದು ಈಗ ಬರುತ್ತದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ನನಗೆ ತುಟಿಯ ಅಂಚು ಜುಮುಜುಮು ಎನ್ನಲು ಶುರುವಾಗುತ್ತದೆ, ಕೆಲವೊಮ್ಮೆ ಬೆರಳ ತುದಿಗಳೂ. ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಸಿಟ್ರೇಟ್ ದ್ರಾವಣ ಬೆರೆಸಿರುತ್ತಾರೆ. ಅದು ಮೈಗೆ ಬಂದಾಗ ರಕ್ತದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಜುಮುಗುಡುವುದು ಅದರಿಂದ. ಗಾಬರಿಪಡುವಂಥದ್ದಲ್ಲ, ಆದರೆ ಹಲ್ಲುಕಚ್ಚಿ ಸಹಿಸಿಕೊಳ್ಳುವಂಥದ್ದೂ ಅಲ್ಲ. ಶುರುವಾದ ಕೂಡಲೇ ಹೇಳಿ. ತಂತ್ರಜ್ಞರು ಯಂತ್ರದ ವೇಗ ಇಳಿಸಿ, ಜಗಿಯಲು ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ, ಕೆಲವೇ ನಿಮಿಷಗಳಲ್ಲಿ ಸರಿಹೋಗುತ್ತದೆ. ಧೈರ್ಯ ತೋರಿಸಲು ಸುಮ್ಮನಿದ್ದರೆ ಅದೇ ಸ್ನಾಯು ಸೆಳೆತಕ್ಕೆ, ವಾಂತಿಗೆ ತಿರುಗಬಹುದು.

ಕೊನೆಗೆ ಪ್ಲೇಟ್‌ಲೆಟ್ ತುಂಬಿದ ಚೀಲ ಕಳಚಿದಾಗ ತೋರಿಸಿ ಎಂದು ಕೇಳಿ. ಕೆಂಪಲ್ಲ, ಮಬ್ಬು ಹಳದಿ. ಬೆಳಕಿಗೆ ಹಿಡಿದು ಮೆಲ್ಲಗೆ ಅಲ್ಲಾಡಿಸಿದರೆ ಒಳಗೆ ಮಿನುಗು ಸುಳಿಗಳು ತಿರುಗುತ್ತವೆ. ಕಣಗಳು ಆರೋಗ್ಯವಾಗಿವೆ ಎಂಬುದಕ್ಕೆ ತಂತ್ರಜ್ಞರೂ ಇದನ್ನೇ ನೋಡುತ್ತಾರೆ. ಒಂದು ಚೀಲದಲ್ಲಿ ಸುಮಾರು 30,000 ಕೋಟಿ ಪ್ಲೇಟ್‌ಲೆಟ್‌ಗಳಿರುತ್ತವೆ. ಮಾಮೂಲಿ ರಕ್ತದಾನದಿಂದ ಇಷ್ಟು ಕೂಡಿಸಬೇಕಾದರೆ ಐದಾರು ದಾನಿಗಳು ಬೇಕು. ನಮ್ಮ ದೇಹ ಎರಡು ಮೂರು ದಿನಗಳಲ್ಲಿ ಆ ಕೊರತೆಯನ್ನು ತುಂಬಿಕೊಳ್ಳುತ್ತದೆ. ಹಾಗಾಗಿಯೇ 48 ಗಂಟೆ ಕಳೆದರೆ ಮತ್ತೆ ಕೊಡಲು ನಿಯಮ ಅನುಮತಿಸುತ್ತದೆ, ವರ್ಷಕ್ಕೆ 24 ಸಲ ಮೀರಬಾರದು. ನಾನು ಅಷ್ಟು ಕೊಡುವುದಿಲ್ಲ, ಎಲ್ಲರೂ ಕೊಡಬೇಕಾಗಿಯೂ ಇಲ್ಲ.

ಪ್ಲೇಟ್‌ಲೆಟ್ ಎಂದೊಡನೆ ಜನರಿಗೆ ನೆನಪಾಗುವುದು ಡೆಂಗಿ. ಆದರೆ ರಕ್ತಸ್ರಾವವಿಲ್ಲದ ಡೆಂಗಿ ರೋಗಿಗೆ ಎಣಿಕೆ ಹತ್ತು ಸಾವಿರಕ್ಕಿಂತ ಮೇಲಿದ್ದರೆ ಬಹುಮಟ್ಟಿಗೆ ಇದರ ಅಗತ್ಯವಿರುವುದಿಲ್ಲ. ವರ್ಷವಿಡೀ ಕಾಯುವವರು ರಕ್ತದ ಕ್ಯಾನ್ಸರ್‌ಗೆ ಕೀಮೋಥೆರಪಿ ಪಡೆಯುತ್ತಿರುವವರು, ಅವರಲ್ಲಿ ಪುಟ್ಟ ಮಕ್ಕಳೂ ಇದ್ದಾರೆ. ಡೆಂಗಿ ಹರಡುವ ಮಳೆಗಾಲದಲ್ಲಿ ಮಾತ್ರ ನಮಗೆ ಪ್ಲೇಟ್‌ಲೆಟ್ ದಾನದ ನೆನಪಾಗುವುದು ನನಗೆ ನೋವಿನ ಸಂಗತಿ. ಪ್ಲೇಟ್‌ಲೆಟ್ ಬಾಳುವುದು ಐದೇ ದಿನ, ಅದೂ 20ರಿಂದ 24 ಡಿಗ್ರಿ ಉಷ್ಣತೆಯಲ್ಲಿ ಸದಾ ಅಲುಗಾಡುತ್ತಿದ್ದರೆ. ಹಬ್ಬಕ್ಕೆಂದು ಮೊದಲೇ ಕೂಡಿಡಲಾಗದು. ದಸರಾ, ದೀಪಾವಳಿಗೆ ದಾನಿಗಳೆಲ್ಲ ಊರಿಗೆ ಹೊರಟಾಗ ರಕ್ತಕೇಂದ್ರಗಳು ಪರದಾಡುತ್ತವೆ. ಆದ್ದರಿಂದ ನಾನು ಹೊರಡುವ ಮುನ್ನಾದಿನ ಒಮ್ಮೆ ಫೋನ್ ಮಾಡಿ ಬೇಕೇ ಎಂದು ಕೇಳುತ್ತೇನೆ. ಬೇಕು ಎಂದರೆ ಕೊಟ್ಟು, ಆ ಕೈಯಲ್ಲಿ ಭಾರ ಎತ್ತದೆ, ರಾತ್ರಿ ಬಸ್ ಹತ್ತುತ್ತೇನೆ.